ಮೂವತ್ತು ಕುರ್ಚಿಯ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಆರ್ಡರ್ ಮಾಡುವ ಮುನ್ನ

ಮೆನು ಒಂದೇ ಹಾಳೆಯಲ್ಲಿ ಮುಗಿದಿದ್ದರೆ ಒಳ್ಳೆಯ ಲಕ್ಷಣ. ಇಪ್ಪತ್ತೈದು ಮೂವತ್ತು ಕುರ್ಚಿಗಳ ಜಾಗದಲ್ಲಿ ಒಳಗೆ ಮೂರೋ ನಾಲ್ಕೋ ಜನ ಅಡುಗೆಯವರು, ಆರು ಒಲೆ ಇರುತ್ತವೆ. ಇಷ್ಟರಲ್ಲಿ ಐದಾರು ಬಗೆಯ ಪಾಸ್ತಾ, ಮೂರ್ನಾಲ್ಕು ಬಗೆಯ ಮೀನು ಮಾಂಸ ತಾಜಾ ಮಾಡಬಹುದು. ಮೆನುವಿನಲ್ಲಿ ಇಪ್ಪತ್ತು ಪಾಸ್ತಾಗಳಿದ್ದರೆ ಸಾಸ್‌ಗಳು ಫ್ರಿಜ್ಜಿನಲ್ಲಿವೆ, ಪಾಸ್ತಾ ಅರ್ಧ ಬೆಂದು, ಎಣ್ಣೆ ಸವರಿಸಿಕೊಂಡು ಡಬ್ಬದಲ್ಲಿ ಕಾಯುತ್ತಿದೆ ಎಂದುಕೊಳ್ಳಬಹುದು. ಎಣ್ಣೆ ಸವರಿದ ಪಾಸ್ತಾಗೆ ಸಾಸ್ ಹತ್ತುವುದಿಲ್ಲ, ಜಾರಿ ತಟ್ಟೆಯ ತಳಕ್ಕೆ ಇಳಿಯುತ್ತದೆ. ಪತ್ತೆ ಹಚ್ಚಲು ಗಡಿಯಾರ ಸಾಕು. ಒಣ ಸ್ಪಗೆತ್ತಿ ಬೇಯಲು ಸುಮಾರು 9ರಿಂದ 11 ನಿಮಿಷ ಬೇಕು. ಆರ್ಡರ್ ಕೊಟ್ಟ ನಾಲ್ಕು ನಿಮಿಷಕ್ಕೇ ಮೇಜಿಗೆ ಬಂದರೆ ಅದು ಆಗಲೇ ಒಮ್ಮೆ ಬೆಂದದ್ದು. ಅದೇ ದಿನ ಲಟ್ಟಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿದ ತಾಜಾ ಪಾಸ್ತಾ, ತಾಲ್ಯಾತೆಲ್ಲೆ, ಎರಡು ಮೂರು ನಿಮಿಷಕ್ಕೇ ಬೇಯುತ್ತದೆ, ಅದರ ಮೇಲೆ ಈ ಅನುಮಾನ ಬೇಡ.

ಟೇಬಲ್ ಕಾಯ್ದಿರಿಸುವಾಗ ಹೊತ್ತಿನ ಆಯ್ಕೆ ನಿಮ್ಮದಾದರೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯನ್ನು ಕೇಳಿ. ಎಲ್ಲರೂ ಒಟ್ಟಿಗೆ ಬಂದು ಕೂತಾಗ ಆರು ಒಲೆಗೆ ಹದಿನೈದು ಬಾಣಲೆ ಸರದಿ ನಿಲ್ಲುತ್ತವೆ, ಆಗ ಮೊದಲು ಕೆಡುವುದು ಪಾಸ್ತಾದ ಹದ. ಆರಕ್ಕಿಂತ ಹೆಚ್ಚು ಜನರಿದ್ದರೆ ಪ್ರತಿಯೊಬ್ಬರೂ ಬೇರೆ ಬೇರೆ ಪಾಸ್ತಾ ಕೇಳುವುದು ಅಡುಗೆಮನೆಗೂ ಕಷ್ಟ, ನಿಮಗೂ ನಷ್ಟ: ಮೊದಲ ತಟ್ಟೆ ಕೊನೆಯದಕ್ಕಾಗಿ ಕಾಯುತ್ತಾ ಆರುತ್ತದೆ. ಎರಡು ಬಗೆಗೆ ಒಪ್ಪಿಕೊಳ್ಳಿ. ಅಲರ್ಜಿ, ಸಸ್ಯಾಹಾರದ ವಿಷಯಗಳನ್ನು ಫೋನಿನಲ್ಲೇ ಹೇಳಿಬಿಡಿ. ಬೆಳಿಗ್ಗೆ ಮೂಳೆಯೋ ತರಕಾರಿಯೋ ಹಾಕಿ ಕುದಿಸಿಟ್ಟ ಸಾರನ್ನು ರಾತ್ರಿ ಯಾರೂ ಬದಲಿಸಲಾರರು.

ಇನ್ನು ಊಟದ ಕ್ರಮ. ಆಂತಿಪಾಸ್ತೊ ಎಂದರೆ ಊಟಕ್ಕೆ ಮುಂಚಿನದು (ಪಾಸ್ತಾಕ್ಕೂ ಅದಕ್ಕೂ ಸಂಬಂಧವಿಲ್ಲ), ಪ್ರೀಮೊ ಎಂದರೆ ಪಾಸ್ತಾ, ರಿಜೊತ್ತೊ (ಸಾರಿನಲ್ಲಿ ಬೇಯಿಸಿದ ಅಕ್ಕಿ) ಅಥವಾ ಸೂಪು, ಸೆಕೊಂದೊ ಎಂದರೆ ಮೀನು ಇಲ್ಲವೇ ಮಾಂಸ, ಕೊಂತೊರ್ನೊ ಎಂದರೆ ತರಕಾರಿ, ಕೊನೆಗೆ ದೋಲ್ಚೆ, ಸಿಹಿ. ಪ್ರೀಮೊ ಇಲ್ಲಿ ಇಡೀ ಊಟವಲ್ಲ. ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಹಾಕುತ್ತಾರೆ. "ಇಷ್ಟು ದುಡ್ಡಿಗೆ ಇಷ್ಟೇನಾ" ಎಂದು ಮೂಗು ಮುರಿಯುವವರು ಸಾಮಾನ್ಯವಾಗಿ ಅದೊಂದನ್ನೇ ಆರ್ಡರ್ ಮಾಡಿರುತ್ತಾರೆ. ಸೆಕೊಂದೊ ತಟ್ಟೆಯಲ್ಲಿ ಮಾಂಸದ ತುಂಡು ಒಂಟಿಯಾಗಿ ಬರುತ್ತದೆ. ಪಕ್ಕಕ್ಕೆ ಆಲೂಗಡ್ಡೆಯೋ ಸೊಪ್ಪೋ ಬೇಕಿದ್ದರೆ ಬೇರೆಯಾಗಿ ಹೇಳಬೇಕು, ಬೇರೆಯಾಗಿ ಕೊಡಬೇಕು.

ಇಬ್ಬರಿಗೆ ಒಂದು ಆಂತಿಪಾಸ್ತೊ, ಎರಡು ಪ್ರೀಮೊ, ಒಂದು ಸೆಕೊಂದೊ, ಒಂದು ಕೊಂತೊರ್ನೊ, ಒಂದು ದೋಲ್ಚೆ ಸರಿಯಾದ ಅಳತೆ. ಹಂಚಿಕೊಳ್ಳುತ್ತೇವೆ ಎಂದು ಆರ್ಡರ್ ಕೊಡುವಾಗಲೇ ಹೇಳಿ, ಬಹಳ ಕಡೆ ಒಳಗೇ ಎರಡು ತಟ್ಟೆಗೆ ಬಡಿಸಿ ಕಳಿಸುತ್ತಾರೆ. ಪಾಸ್ತಾವನ್ನು ಮಾತ್ರ ಮೇಜಿನ ಮೇಲೆ ಹಂಚಲು ಹೋಗಬೇಡಿ. ಎತ್ತಿ ಹಾಕುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ.

ಯಾಕೆ ಗಟ್ಟಿಯಾಗುತ್ತದೆ ಎಂಬುದರಲ್ಲೇ ಈ ಅಡುಗೆಯ ಗುಟ್ಟಿದೆ. ಲೀಟರ್ ನೀರಿಗೆ 10 ಗ್ರಾಂ ಉಪ್ಪು, 100 ಗ್ರಾಂ ಪಾಸ್ತಾ ಎಂಬುದು ಹಳೆಯ ಲೆಕ್ಕ. ಪಾಸ್ತಾ ಪೂರ್ತಿ ಬೇಯುವುದಕ್ಕೆ ಒಂದೆರಡು ನಿಮಿಷ ಇರುವಾಗಲೇ ನೀರಿನಿಂದ ಎತ್ತಿ ಸಾಸಿನ ಬಾಣಲೆಗೆ ಹಾಕಿ, ಬೆಂದ ನೀರನ್ನು ಒಂದು ಸೌಟಿನಷ್ಟು ಬಿಟ್ಟು ಜೋರಾಗಿ ಆಡಿಸುತ್ತಾರೆ. ಆ ಗಂಜಿನೀರಿನ ಪಿಷ್ಟ ಎಣ್ಣೆಯನ್ನೂ ನೀರನ್ನೂ ಬೆಸೆದು ಕೆನೆಯಂಥ ಲೇಪ ಕೊಡುತ್ತದೆ. ಇದಕ್ಕೆ ಮಾಂತೆಕಾತೂರಾ ಎನ್ನುತ್ತಾರೆ. ತಟ್ಟೆಯ ತಳದಲ್ಲಿ ನೀರು ನಿಂತಿದ್ದರೆ, ಅಥವಾ ಎಣ್ಣೆ ಬೇರೆಯಾಗಿ ತೇಲುತ್ತಿದ್ದರೆ ಈ ಹೆಜ್ಜೆಯನ್ನು ಹಾರಿಸಿದ್ದಾರೆ. ಸರಿಯಾಗಿ ಮಾಡಿದ್ದು ಕೂಡ ಮೇಜಿನ ಮೇಲೆ ಮೂರ್ನಾಲ್ಕು ನಿಮಿಷ ಬಿಟ್ಟರೆ ತಣ್ಣಗಾಗುತ್ತಾ ಪಿಷ್ಟ ಬಿಗಿದು ಮುದ್ದೆಯಾಗುತ್ತದೆ. ಫೋಟೊ ಒಂದು ಸಾಕು.

ಕಾರ್ಬೊನಾರಾ ಪಾಸ್ತಾ ಒಂದು ಒಳ್ಳೆಯ ಪರೀಕ್ಷೆ. ಅದರಲ್ಲಿ ಗ್ವಾಂಚಾಲೆ (ಹಂದಿಯ ಕೆನ್ನೆಯ ಉಪ್ಪುಗಟ್ಟಿದ ಮಾಂಸ), ಮೊಟ್ಟೆ, ಪೆಕೊರೀನೊ ರೊಮಾನೊ ಚೀಸು, ಕರಿಮೆಣಸು ಇಷ್ಟೇ ಇರುವುದು, ಕ್ರೀಮ್ ಇಲ್ಲ. ಹಳದಿ ಲೋಳೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ದಪ್ಪವಾಗತೊಡಗಿ 70ರ ಹತ್ತಿರ ಗಟ್ಟಿಯಾಗುತ್ತದೆ. ಆ ಐದು ಡಿಗ್ರಿಯ ಒಳಗೆ ಬಾಣಲೆಯನ್ನು ಹಿಡಿದಿಡಬೇಕು, ಅದೂ ಒಲೆಯಿಂದ ಇಳಿಸಿ. ಸ್ವಲ್ಪ ಮೀರಿದರೆ ಮೊಟ್ಟೆ ಒಡೆದು ಕಾಳುಕಾಳಾಗುತ್ತದೆ. ಆ ಭಯಕ್ಕೇ ಅನೇಕರು ಕ್ರೀಮ್ ಸುರಿಯುತ್ತಾರೆ. ಚೀಸು, ಕರಿಮೆಣಸಿನ ಪಾಸ್ತಾ ಕಾಚೊ ಎ ಪೇಪೆಯಲ್ಲೂ ಇದೇ ಕಥೆ, ಮೊಟ್ಟೆಯ ಬದಲು ಚೀಸು: ಅತಿ ಬಿಸಿಗೆ ಪೆಕೊರೀನೊ ಗಂಟು ಕಟ್ಟಿ ಎಳೆಎಳೆಯಾಗುತ್ತದೆ. ಗಂಟುಗಳಿದ್ದರೆ ವಾಪಸ್ ಕಳಿಸಲು ಸಂಕೋಚ ಬೇಡ, ಅದು ರುಚಿಯ ಪ್ರಶ್ನೆಯಲ್ಲ, ಕೈತಪ್ಪು. ಪಾಸ್ತಾದ ನಡುವೆ ಹಲ್ಲಿಗೆ ತುಸು ಬಿಗಿ ಸಿಕ್ಕಿತೆಂದು ಮಾತ್ರ ಕಳಿಸಬೇಡಿ. ಅಲ್ ದೆಂತೆ ಎಂದರೆ ಅದೇ.

ಸ್ಪಗೆತ್ತಿ ಬೊಲೊನೇಸ್ ಮೆನುವಿನಲ್ಲಿ ಕಂಡರೆ ಆ ಅಡುಗೆಯವರು ಉತ್ತರ ಇಟಲಿಯ ಬೊಲೊನ್ಯಾ ಊರಿನ ಕಡೆಗೆ ತಲೆ ಹಾಕಿಲ್ಲ. ಅಲ್ಲಿ ರಾಗು (ಕೊಚ್ಚಿದ ಮಾಂಸದ ಸಾಸು) ಬೀಳುವುದು ತಾಲ್ಯಾತೆಲ್ಲೆ ಮೇಲೆ. ಅಗಲ ಪಟ್ಟಿಯ, ಒರಟು ಮೈಯ ಮೊಟ್ಟೆಪಾಸ್ತಾ ಕೊಚ್ಚಿದ ಮಾಂಸವನ್ನು ಹಿಡಿದುಕೊಳ್ಳುತ್ತದೆ. ದುಂಡನೆಯ ನುಣುಪು ಸ್ಪಗೆತ್ತಿಯಿಂದ ಅದು ಉದುರುತ್ತದೆ. ಬೊಲೊನ್ಯಾದವರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ 1972ರಲ್ಲಿ ಚಿನ್ನದ ಒಂದು ತಾಲ್ಯಾತೆಲ್ಲಾ ಮಾಡಿಸಿ ಊರಿನ ವಾಣಿಜ್ಯ ಮಂಡಳಿಯಲ್ಲಿ ಇಟ್ಟಿದ್ದಾರೆ: ಬೆಂದ ಮೇಲೆ ಅಗಲ 8 ಮಿಲಿಮೀಟರ್. ರಾಗುವಿನ ಅಳತೆಯನ್ನೂ 1982ರಲ್ಲಿ ಹೀಗೇ ದಾಖಲಿಸಿದರು.

ರಿಜೊತ್ತೊ ಕೇಳಿದರೆ ಕಾಯಲು ಸಿದ್ಧರಾಗಿ. ಕಾರ್ನಾರೋಲಿ ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ವೈನ್ ಹಾಕಿ ಇಂಗಿಸಿ, ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತಾ ಬೇಯಿಸಲು 16ರಿಂದ 18 ನಿಮಿಷ ಬೇಕು, ಒಬ್ಬರು ಅದರ ಮುಂದೆಯೇ ನಿಲ್ಲಬೇಕು. ಕನಿಷ್ಠ ಇಬ್ಬರಿಗೆ ಎಂಬ ಷರತ್ತು ಮೆನುವಿನಲ್ಲಿದ್ದರೆ ಬೇಸರ ಬೇಡ, ಆ ಕಡೆ ನಿಜವಾಗಿ ಹೊಸದಾಗಿ ಮಾಡುತ್ತಿದ್ದಾರೆ. ಕೊನೆಗೆ ಒಲೆಯಿಂದ ಇಳಿಸಿ ತಣ್ಣನೆಯ ಬೆಣ್ಣೆ, ತುರಿದ ಚೀಸು ಹಾಕಿ ಕಲಸುತ್ತಾರೆ. ತಟ್ಟೆಯನ್ನು ತುಸು ಓರೆ ಮಾಡಿದರೆ ಅದು ಅಲೆಯಂತೆ ಹರಿಯಬೇಕು, ಅಗುಳು ಬಿಡಿಯಾಗಿರಬೇಕು. ಗುಡ್ಡೆಯಂತೆ ನಿಂತರೆ ಹೊತ್ತು ಮೀರಿದೆ. ಅಗುಳು ಕರಗಿ ಗಂಜಿಯಾಗಿದ್ದರೆ ಮೊದಲೇ ಅರ್ಧ ಬೇಯಿಸಿಟ್ಟಿದ್ದರು.

ಸಸ್ಯಾಹಾರಿಗಳು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ ಇದು. ಇಟಾಲಿಯನ್ ಮೆನು ಮೇಲ್ನೋಟಕ್ಕೆ ಬಹಳ ಉದಾರ: ಟೊಮೆಟೊ, ಚೀಸು, ಬದನೆ, ಸೊಪ್ಪು. ಆದರೆ ಪಾರ್ಮಿಜಾನೊ ರೆಜ್ಜಾನೊ ಮತ್ತು ಗ್ರಾನಾ ಪಾದಾನೊ ಚೀಸುಗಳ ಹೆಪ್ಪು ಎಳೆಗರುವಿನ ಹೊಟ್ಟೆಯಿಂದ ಬರುತ್ತದೆ. ಪೆಕೊರೀನೊ ರೊಮಾನೊಗೆ ಕುರಿಮರಿಯದು. ಇದು ಯಾವುದೋ ಒಂದು ಕಂಪನಿಯ ಪದ್ಧತಿಯಲ್ಲ, ಆ ಹೆಸರು ಹಾಕಿಕೊಳ್ಳಲು ಇರುವ ನಿಯಮ. ಹಾಗಾಗಿ ಬೇಸಿಲ್ ಸೊಪ್ಪಿನ ಜೊತೆ ಇಂಥ ಚೀಸು ಅರೆದ ಪೆಸ್ತೊ ಸಾಸು ಕೂಡ ಈ ಲೆಕ್ಕದಲ್ಲಿ ಸಸ್ಯಾಹಾರವಲ್ಲ. ತರಕಾರಿ ರಿಜೊತ್ತೊ ಎಂದಿದ್ದರೂ ಸಾರು ಕೋಳಿಯದ್ದಿರಬಹುದು. ಕೇಸರಿಯ ಹಳದಿ ಮಿಲಾನೇಜೆ ರಿಜೊತ್ತೊಗೆ ಸಂಪ್ರದಾಯದಂತೆ ದನದ ಮೂಳೆಯೊಳಗಿನ ಮಜ್ಜೆ ಬೀಳುತ್ತದೆ. ಸೊಪ್ಪು ಹಾಕಿದ ಒರೆಕ್ಯೆತ್ತೆ ಪಾಸ್ತಾದಲ್ಲಿ, ಪುತ್ತನೆಸ್ಕಾ ಎಂಬ ಟೊಮೆಟೊ ಸಾಸಿನಲ್ಲಿ ಆಂಚೊವಿ ಮೀನು ಕರಗಿ ಕಣ್ಣಿಗೆ ಕಾಣದಂತೆ ಇರುತ್ತದೆ. ಪಾನ್ನಾ ಕೊತ್ತಾ ಎಂಬ ಕೆನೆಯ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. "ಇದು ವೆಜ್ಜಾ?" ಎಂದು ಕೇಳಿದರೆ ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ. "ಸಾರು ಯಾವುದರದ್ದು, ಆಂಚೊವಿ ಇದೆಯಾ, ಚೀಸು ಯಾವುದು" ಎಂದು ಮೂರು ಪ್ರಶ್ನೆ ಕೇಳಿ.

ಹಾಗಾದರೆ ಏನು ತಿನ್ನುವುದು? ಆಲ್ಯೊ ಎ ಓಲ್ಯೊ ಪಾಸ್ತಾ: ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ, ಚೀಸಿಲ್ಲ. ಪಿಜ್ಜಾ ಇರುವ ಕಡೆ ಮರಿನಾರಾ. ಹೆಸರಿನಲ್ಲಿ ಸಮುದ್ರವಿದ್ದರೂ ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. (ಪಾಸ್ತಾಕ್ಕೆ ಅದೇ ಹೆಸರಿದ್ದರೆ ವಿಚಾರಿಸಿ, ಕೆಲವು ಕಡೆ ಮೀನು ಇರುತ್ತದೆ.) ಮೊಟ್ಟೆ ತಿನ್ನದವರು ಒಣ ಪಾಸ್ತಾ ಅಥವಾ ದಕ್ಷಿಣ ಇಟಲಿಯ ಒರೆಕ್ಯೆತ್ತೆ ಕಡೆ ಹೋಗಿ, ಅವು ರವೆ ಮತ್ತು ನೀರಿನಲ್ಲಿ ನಾದಿದವು, ಉತ್ತರದ ತಾಜಾ ಪಾಸ್ತಾಗೆ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬ ಲೆಕ್ಕ. ಗೋಧಿ ಒಗ್ಗದವರಿಗೆ ರಿಜೊತ್ತೊ, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಸರಿ. ಗ್ಲೂಟನ್ ಇಲ್ಲದ ಪಾಸ್ತಾ ಎಂದು ಬರೆದಿದ್ದರೆ ಅದನ್ನು ಬೇರೆ ನೀರಿನಲ್ಲಿ ಬೇಯಿಸುತ್ತಾರಾ ಕೇಳಿ. ಸಣ್ಣ ಅಡುಗೆಮನೆಯಲ್ಲಿ ಕುದಿಯುವ ಪಾತ್ರೆ ಒಂದೇ ಇರಬಹುದು.

ಹೆಸರುಗಳನ್ನು ಹೇಳಲು ಕನ್ನಡಿಗರು ಹೆದರುವ ಕಾರಣವೇ ಇಲ್ಲ. ಅವರ ತ ನಮ್ಮ ತ, ಅವರ ಒತ್ತಕ್ಷರ ನಮ್ಮ ಒತ್ತಕ್ಷರ. ಬ್ರುಶೆಟಾ ಅಲ್ಲ, ಬ್ರುಸ್ಕೆತ್ತಾ. ಆಲೂಗಡ್ಡೆಯ ಉಂಡೆಗಳ ಹೆಸರು ಞೊಕ್ಕಿ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಞಕಾರಕ್ಕೆ ಕೊನೆಗೂ ಒಂದು ಕೆಲಸ. ಒತ್ತು ಮಾತ್ರ ಮರೆಯಬೇಡಿ: ಪೆನ್ನೆ ಪಾಸ್ತಾ, ಒತ್ತಿಲ್ಲದ ಪೆನೆ ಗಂಡಸಿನ ಅಂಗ. ಇಟಲಿಯಲ್ಲಿ ಪೆಪೆರೋನಿ ಎಂದರೆ ದಪ್ಪ ಮೆಣಸಿನಕಾಯಿ, ಲಾತ್ತೆ ಎಂದರೆ ಬರೀ ಹಾಲು.

ಬಿಲ್ಲಿನಲ್ಲಿ ಎದೆ ಧಸಕ್ಕೆನಿಸುವುದು ಎರಡು ಕಡೆ. ಒಂದು, ಎತ್ತೊ. ಮೀನು ಮತ್ತು ಬಿಸ್ತೆಕ್ಕಾ ಅಲ್ಲಾ ಫಿಯೊರೆಂತೀನಾದ (ಮೂಳೆಸಹಿತ ದನದ ಮಾಂಸದ ದಪ್ಪ ತುಂಡು) ಬೆಲೆಯನ್ನು ಎತ್ತೊಗೆ, ಅಂದರೆ 100 ಗ್ರಾಂಗೆ ಬರೆದಿರುತ್ತಾರೆ. ಮೆನುವಿನಲ್ಲಿ 7 ಎಂದಿದ್ದು ತುಂಡು 1.2 ಕೆಜಿ ಇದ್ದರೆ ಬಿಲ್ಲಿನಲ್ಲಿ 84. ಬೇಯಿಸುವ ಮುನ್ನ ತೂಗಿ ತೋರಿಸಲು ಹೇಳಿ, ಒಳ್ಳೆಯ ಕಡೆ ಅವರೇ ತಂದು ತೋರಿಸುತ್ತಾರೆ. (ಫಿಯೊರೆಂತೀನಾ ಒಳಗೆ ಕೆಂಪಾಗಿಯೇ ಬರುತ್ತದೆ. ಪೂರ್ತಿ ಬೆಂದದ್ದು ಬೇಕಾದರೆ ಬೇರೆ ಏನಾದರೂ ತೆಗೆದುಕೊಳ್ಳುವುದೇ ಲೇಸು.) ಇನ್ನೊಂದು, ಟ್ರಫಲ್, ಮಣ್ಣಿನಡಿ ಗಡ್ಡೆಯಂತೆ ಬೆಳೆಯುವ ಅಣಬೆ. ಉತ್ತರ ಇಟಲಿಯ ಆಲ್ಬಾದ ಬಿಳಿ ಟ್ರಫಲ್‌ನ ಮುಖ್ಯ ಋತು ಅಕ್ಟೋಬರ್‌ನಿಂದ ಡಿಸೆಂಬರ್. ಅದನ್ನು ಬೇಯಿಸುವುದಿಲ್ಲ, ಬಿಸಿ ಪಾಸ್ತಾದ ಮೇಲೆ ಹಸಿಯಾಗಿಯೇ ಹೆರೆಯುತ್ತಾರೆ. ಹೆರೆಯುವ ಮುನ್ನವೂ ನಂತರವೂ ಗಡ್ಡೆಯನ್ನು ತೂಗಿ, ವ್ಯತ್ಯಾಸಕ್ಕೆ ದರ ಹಾಕುವುದು ಸರಿಯಾದ ಪದ್ಧತಿ. ಗ್ರಾಮಿನ ದರ ಕೇಳಿ, ಎಷ್ಟು ಗ್ರಾಂ ಎಂದು ನೀವೇ ಹೇಳಿ. ಸಾಕು ಅನ್ನುವವರೆಗೆ ಹೆರೆಯಲು ಬಿಡಬೇಡಿ. ವರ್ಷವಿಡೀ ಸಿಗುವ ಟ್ರಫಲ್ ಎಣ್ಣೆಯ ಘಾಟು ಬಹುಪಾಲು 2,4-ಡೈಥಯಾಪೆಂಟೇನ್ ಎಂಬ ಕೃತಕ ಸುವಾಸನೆಯದ್ದು. ಅದಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡ.

ವೈನ್ ಕುಡಿಯುವವರಿಗೆ ಎರಡೇ ಮಾತು. 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಐದು ಗ್ಲಾಸ್. ಮೇಜಿನಲ್ಲಿ ಮೂರು ಜನ ಒಂದೇ ವೈನ್ ಕುಡಿಯುವುದಾದರೆ ಬಾಟಲಿಯೇ ಲಾಭ. ಮೊದಲು ಒಂದು ಗುಟುಕು ಸುರಿದು ಕೊಡುವುದು ಬಾಟಲಿ ಕೆಟ್ಟಿದೆಯೇ ನೋಡಲು, ನಿಮಗೆ ಇಷ್ಟವಾಯಿತೇ ಎಂದು ಕೇಳಲಲ್ಲ. ಮೂಸಿ ನೋಡಿ, ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಬದಲಿಸಿ ಕೊಡಬೇಕಾದ್ದು ಅವರ ಕೆಲಸ.

ಬ್ರೆಡ್ಡು ಪಾಸ್ತಾದ ಜೊತೆಗೆ ತಿನ್ನಲು ಇಟ್ಟದ್ದಲ್ಲ. ಪಾಸ್ತಾ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಸಾಸನ್ನು ಅದರಿಂದ ಬಳಿದು ತಿನ್ನಿ; ಅದಕ್ಕೆ ಸ್ಕಾರ್ಪೆತ್ತಾ ಎಂದು ಹೆಸರೇ ಇದೆ. ಮೀನು ಚಿಪ್ಪುಮೀನಿನ ಪಾಸ್ತಾಗೆ ಚೀಸು ಕೇಳಿದರೆ ಸರ್ವರ್ ಮುಖ ಸಣ್ಣಗಾಗಬಹುದು, ಕಡಲಿನ ನವಿರು ರುಚಿಯನ್ನು ಹಳೆಯ ಚೀಸು ನುಂಗಿಬಿಡುತ್ತದೆ ಎಂಬುದು ಅವರ ವಾದ. ಬುರ್ರಾತಾ ಚೀಸು ಫ್ರಿಜ್ಜಿನಿಂದ ನೇರ ಬಂದು ಕೊರೆಯುತ್ತಿದ್ದರೆ ಹತ್ತು ನಿಮಿಷ ಮುಟ್ಟಬೇಡಿ, ಒಳಗಿನ ಕೆನೆ ಸಡಿಲಾಗಲಿ.

ಕಾಫಿ ಸಿಹಿಯ ಜೊತೆಗಲ್ಲ, ಅದು ಮುಗಿದ ಮೇಲೆ ಬರುತ್ತದೆ. ಕಾಫೆ ಎಂದಷ್ಟೇ ಹೇಳಿದರೆ ಎಸ್ಪ್ರೆಸೊ: 7 ಗ್ರಾಂ ಪುಡಿ, ಸುಮಾರು 25 ಸೆಕೆಂಡು, 25 ಮಿಲಿಲೀಟರ್. ಕಪ್ಪುಚೀನೊ ಅವರಿಗೆ ಬೆಳಗಿನ ಪಾನೀಯ. ಊಟದ ಮೇಲೆ ಕೇಳಿದರೆ ಕೊಡುತ್ತಾರೆ, ಹೊಟ್ಟೆ ನಿಮ್ಮದು. ಇಟಲಿಯಲ್ಲಿ ನೀವು ಕೇಳುವವರೆಗೆ ಬಿಲ್ ಮೇಜಿಗೆ ತರುವುದಿಲ್ಲ, ತಂದರೆ ಎದ್ದು ಹೋಗಿ ಎಂದಂತೆ. ಬಂದ ಮೇಲೆ ನೀರಿನ ಬಾಟಲಿ ಎಷ್ಟು, ಸೇವಾ ಶುಲ್ಕ ಸೇರಿದೆಯೇ ನೋಡಿ. ಸೇರಿದ್ದರೆ ಮತ್ತೆ ಟಿಪ್ಸ್ ಇಡಬೇಕಿಲ್ಲ. ತಲೆಗಿಷ್ಟು ಎಂದು ಹಾಕುವ ಕೊಪೆರ್ತೊ ಬ್ರೆಡ್ಡು ಮತ್ತು ಮೇಜಿನ ಲೆಕ್ಕ, ಮೆನುವಿನಲ್ಲಿ ಮೊದಲೇ ಅಚ್ಚಾಗಿರಬೇಕು. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲಿ ಅದನ್ನು ಕಾನೂನಿನಿಂದಲೇ ತೆಗೆದುಹಾಕಿತು. ಅಲ್ಲೀಗ ಬ್ರೆಡ್ಡಿಗೆ ಬೇರೆ ಸಾಲು ಇರುತ್ತದೆ. ಬೇಡವೆಂದು ಮೊದಲೇ ಹೇಳಿ ಬುಟ್ಟಿ ವಾಪಸ್ ಕಳಿಸಿದ್ದರೆ ಆ ಸಾಲು ಇರಬಾರದು.