ಮೂರನೇ ಗಂಟೇಲಿ ಹೇಳಿದ್ದು ತಲೆಗೆ ಹೋಗಲ್ಲ

ನಾನು ದಾವಣಗೆರೇಲಿ ಡಯಾಲಿಸಿಸ್ ಟೆಕ್ನಿಷಿಯನ್, ಒಂಬತ್ತು ವರ್ಷ ಆಯ್ತು. ಯಾವ ಆಸ್ಪತ್ರೆ ಅನ್ನೋದು ಬೇಡ. ಬೆಳಗ್ಗೆ ಆರಕ್ಕೆ ಆರ್‌ಓ ರೂಮಿನ ಬಾಗಿಲು ತೆಗೆಯೋದ್ರಿಂದ ಶುರು, ನೀರು ಚೆಕ್ ಮಾಡೋದು, ಮಷಿನ್ ರೆಡಿ ಮಾಡೋದು, ತೂಕ, ಬಿಪಿ, ಸೂಜಿ, ಇಷ್ಟರಲ್ಲಿ ಒಂದು ತಪ್ಪನ್ನ ನಾನು ಆರೇಳು ವರ್ಷ ದಿನಾ ಮಾಡಿದೀನಿ, ತಪ್ಪು ಅಂತಾನೇ ಗೊತ್ತಿಲ್ದೆ.

ಡಯಾಲಿಸಿಸ್ ಅಂದ್ರೆ ಕೆಟ್ಟ ಕಿಡ್ನಿ ಬದಲು ಮಷಿನ್ ರಕ್ತ ತೊಳೆದು ಮೈಯಲ್ಲಿ ನಿಂತ ನೀರು ತೆಗೆಯೋದು, ಒಂದು ಸಲಕ್ಕೆ ನಾಲ್ಕು ತಾಸು. ಮೊದಲ ಅರ್ಧ ತಾಸು ಉಸಿರಾಡೋಕೆ ಪುರುಸೊತ್ತಿರಲ್ಲ, ಕೊನೇ ಅರ್ಧ ತಾಸೂ ಅಷ್ಟೇ, ನಡುವೆ ಎರಡು ದಾಟಿ ಮೂರನೇ ತಾಸಲ್ಲಿ ಸ್ವಲ್ಪ ಬಿಡುವು ಸಿಗುತ್ತೆ. ಆ ಬಿಡುವಲ್ಲೇ ನಾನು ಸ್ಟೂಲ್ ಎಳ್ಕೊಂಡು ಬೆಡ್ ಪಕ್ಕ ಕೂತು ಬುದ್ಧಿ ಹೇಳ್ತಿದ್ದೆ, ಉಪ್ಪು ಕಮ್ಮಿ ಮಾಡಿ, ನೀರು ಅಳೆದು ಕುಡೀರಿ, ಊಟದಲ್ಲಿನ ಫಾಸ್ಫರಸ್ ತಡೆಯೋ ಮಾತ್ರೆ ಊಟದ ಜೊತೇಲೇ ತಗೊಳ್ಳಿ, ಊಟ ಆಗಿ ತಾಸು ಬಿಟ್ಟು ತಗೊಂಡ್ರೆ ಉಪಯೋಗ ಇಲ್ಲ, ಇತ್ಯಾದಿ ಇತ್ಯಾದಿ.

ಜಗಳೂರು ಕಡೆಯ ಒಬ್ಬ ಅಜ್ಜಾರು ವಾರಕ್ಕೆ ಎರಡು ಸಲ ಬರ್ತಾರೆ. ಈರುಳ್ಳಿ, ಮೆಕ್ಕೆಜೋಳ ಬೆಳೆದು ಮಂಡಿ ವ್ಯವಹಾರ ನೋಡಿದವರು. ನಾನು ಹೇಳಿದ್ದಕ್ಕೆಲ್ಲ "ಹ್ಞೂಂ ತಮ್ಮಾ, ಆತು ತಮ್ಮಾ" ಅನ್ನೋರು, ಮುಂದಿನ ಸಲ ನೋಡಿದ್ರೆ ಅದೇ ನಾಲ್ಕು ಕೆಜಿ ನೀರು ತುಂಬ್ಕೊಂಡು ಹಾಜರು, ಮಾತ್ರೆ ಸ್ಟ್ರಿಪ್ ಹಾಗೇ ಇರೋದು. ಒಂದಿನ ಸಿಟ್ಟು ಬಂದು ಅಕ್ಕಪಕ್ಕದ ಬೆಡ್ಡಿನವರ ಎದುರಿಗೇ "ಎಷ್ಟ್ ಸಲ ಹೇಳ್ಬೇಕ್ರೀ ಅಜ್ಜಾರೆ ನಿಮ್ಗೆ" ಅಂತ ರೇಗಿಬಿಟ್ಟೆ. ಅವರು ಏನೂ ಅನ್ನಲಿಲ್ಲ, ಆ ಕಡೆ ಮುಖ ತಿರುಗಿಸ್ಕೊಂಡ್ರು. ಫೈಲಲ್ಲಿ ಮಾತು ಕೇಳಲ್ಲ ಅಂತ ಬೇರೆ ಬರೆದೆ. ಆ ಸಾಲು ಈಗಲೂ ಫೈಲಲ್ಲಿದೆ, ನೋಡಿದಾಗೆಲ್ಲ ಮುಜುಗರ ಆಗುತ್ತೆ.

ಆಮೇಲೆ ಒಂದು ದಿನ ಅವರ ಸೊಸೆ ಬಂದು ಹೇಳಿದ್ಲು, ಮಾವ ಡಯಾಲಿಸಿಸ್ ಮುಗಿಸಿ ಬಸ್ಸಲ್ಲಿ ಬರ್ತಾ ಊರಿನ ಸ್ಟಾಪ್ ದಾಟಿ ಹೋಗಿದ್ರಂತೆ, ಅದಕ್ಕೂ ಮುಂಚೆ ಆಟೋದವನಿಗೆ ಐವತ್ತರ ಬದಲು ಐನೂರರ ನೋಟು ಕೊಟ್ಟು ಚಿಲ್ರೆ ಇಸ್ಕೊಳ್ದೇ ಇಳಿದಿದ್ರಂತೆ. "ಅಣ್ಣಾ, ಮರುದಿನ ಎಲ್ಲ ಸರಿ ಇರ್ತಾರ, ಬಡ್ಡಿ ಲೆಕ್ಕಾನೂ ಬಾಯಾಗೆ ಮಾಡ್ತಾರ, ಇಲ್ಲಿಂದ ಬಂದ ದಿನ ಮಾತ್ರ ಬ್ಯಾರೆ ಮನಷ್ಯಾನೇ ಆಗಿರ್ತಾರ" ಅಂದ್ಲು. ನಮ್ಮ ಕಿಡ್ನಿ ಡಾಕ್ಟ್ರಿಗೆ ಹೇಳಿದೆ. ಅವರು ನಕ್ಕು, ನೀನು ಯಾವಾಗ ಪಾಠ ಮಾಡ್ತೀಯಾ ಅಂತ ಕೇಳಿದ್ರು. ಮೂರನೇ ತಾಸು ಸಾರ್ ಅಂದೆ. ಅದೇ ನೋಡಪ್ಪಾ ಅಂದ್ರು.

2007ರಲ್ಲಿ ಬಂದ ಒಂದು ಸ್ಟಡಿ ಬಗ್ಗೆ ಹೇಳಿದ್ರು. ಡಯಾಲಿಸಿಸ್ ಪೇಷಂಟ್‌ಗಳನ್ನ ಬೇರೆ ಬೇರೆ ಹೊತ್ತಲ್ಲಿ ಪರೀಕ್ಷೆ ಮಾಡಿದಾಗ ಬುದ್ಧಿ ಓಡೋದು ಅತೀ ಕಮ್ಮಿ ಇದ್ದದ್ದು ಮಷಿನ್ ಮೇಲಿರುವಾಗ್ಲೇ, ಚೆನ್ನಾಗಿದ್ದದ್ದು ಮಷಿನ್‌ಗೆ ಹಾಕೋಕೆ ಸ್ವಲ್ಪ ಮುಂಚೆ, ಇಲ್ಲಾ ಮಾರನೇ ದಿನ. ಕೇಳಿ ನನಗೆ ಒಂಥರಾ ಆಯ್ತು, ಇಷ್ಟು ವರ್ಷ ಹುಡುಕಿ ಹುಡುಕಿ ಇರೋದ್ರಲ್ಲೇ ಕೆಟ್ಟ ಹೊತ್ತಲ್ಲಿ ಪಾಠ ಮಾಡಿದೀನಲ್ಲ ಅಂತ.

ನಂಬಿಕೆ ಬರಲಿ ಅಂತ ನಾನೇ ಒಂದು ಸಲ ನೋಡಿದೆ. ಅಜ್ಜಾರು ಬೆಳಗ್ಗೆ ತೂಕದ ಮಷಿನ್ ಮೇಲೆ ನಿಂತಾಗ "ನೂರು ಚೀಲ ಈರುಳ್ಳ್ಯಾಗೆ ಏಳೇಳು ಚೀಲ ತೆಗ್ಕೊಂತ ಹೋಗ್ರಿ ನೋಡಾಣ" ಅಂದೆ. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು, ಕೈಚೀಲ ಕೆಳಗಿಡೋದ್ರೊಳಗೆ ಹೇಳಿ ಮುಗಿಸಿ "ಯಾಕ್ ತಮ್ಮಾ, ಮಂಡಿ ಇಡ್ತೀಯೇನು" ಅಂದ್ರು. ಹತ್ತೂವರೆಗೆ ಅದೇ ಲೆಕ್ಕ ಕೇಳಿದೆ. ತೊಂಬತ್ಮೂರು ಅಂದ್ರು. ಎಂಬತ್ತಾರು ಅಂದ್ರು. ಆಮೇಲೆ ಫ್ಯಾನ್ ನೋಡ್ತಾ ಇದ್ರು. ತುಟಿ ಅಲ್ಲಾಡ್ತಿತ್ತು, ಬೆರಳು ಹಾಸಿಗೆ ಮೇಲೆ ಎಣಿಸ್ತಿತ್ತು, ಕೊನೆಗೆ "ಎಷ್ಟ್ ತೆಗೀಬೇಕಂದಿ?" ಅಂತ ನನ್ನೇ ಕೇಳಿದ್ರು. ನಾನು ಬಿಪಿ ನೋಡೋ ನೆಪದಲ್ಲಿ ಎದ್ದೆ. ಒಬ್ಬರದ್ದು, ಒಂದೇ ಸಲದ್ದು, ಇದನ್ನ ಟೆಸ್ಟ್ ಅನ್ನೋಕಾಗಲ್ಲ, ಆದರೂ ನನಗೆ ಅಷ್ಟೇ ಸಾಕಾಯ್ತು.

ಯಾಕೆ ಹೀಗೆ ಅನ್ನೋದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಹೃದಯ ಪಂಪ್ ಮಾಡೋ ರಕ್ತದಲ್ಲಿ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತೆ, ಮೆದುಳೂ ದೊಡ್ಡ ಪಾಲು ಕೇಳುತ್ತೆ. ಎರಡೂ ಕಡೆ ಕೂದಲಿಗಿಂತ ಸಣ್ಣ ರಕ್ತನಾಳಗಳು, ಎರಡೂ ಕಡೆ ಹಗಲೂ ರಾತ್ರಿ ಜೋರಾಗಿ ರಕ್ತ ಹರೀತಿರುತ್ತೆ. ಬಿಪಿ, ಶುಗರ್ ವರ್ಷಗಟ್ಲೆ ಕಂಟ್ರೋಲಲ್ಲಿಲ್ಲ ಅಂದ್ರೆ ಕಿಡ್ನಿ ನಾಳಗಳನ್ನ ಕೆಡಿಸಿದ ಅದೇ ಪೆಟ್ಟು ಮೆದುಳಿನ ನಾಳಗಳಿಗೂ ಬೀಳುತ್ತೆ. ಅದಕ್ಕೇ ಡಯಾಲಿಸಿಸ್ ತನಕ ಬರದವರಲ್ಲೂ, ಕಿಡ್ನಿ ಕೆಲಸ ಕಮ್ಮಿಯಾದಂಗೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ರೆ ಸ್ಟ್ರೋಕೂ ಜಾಸ್ತಿ, ತಲೆ ಮಂಕಾಗೋದೂ ಜಾಸ್ತಿ. ಅದರ ಮೇಲೆ ರಕ್ತದಲ್ಲಿ ಕಸ ಉಳ್ಕೊಳ್ಳುತ್ತೆ, ಹಿಮೋಗ್ಲೋಬಿನ್ ಕಮ್ಮಿ, ರಾತ್ರಿ ಕಾಲು ಎಳೆದು ನಿದ್ದೆ ಇಲ್ಲ. ಹಳೇದು ಮರೆಯೋದಕ್ಕಿಂತ ಇವರಲ್ಲಿ ಮೊದಲು ಏಟು ತಿನ್ನೋದು ಪ್ಲಾನ್ ಮಾಡೋ ಶಕ್ತಿ, ಅಂದ್ರೆ ಮಗಳ ಮದುವೆ ದಿನ ನೆನಪಿರುತ್ತೆ, ಹತ್ತು ಮಾತ್ರೇಲಿ ಯಾವುದು ಯಾವಾಗ ಅನ್ನೋದು ಕೈ ತಪ್ಪುತ್ತೆ. ಹಾಗಾಗಿ ಮನೆಯವರಿಗೂ ಅನುಮಾನ ಬರಲ್ಲ.

ನಮಗೂ ಬರಲ್ಲ. 2006ರಲ್ಲಿ ಅಮೆರಿಕದಲ್ಲಿ 55 ದಾಟಿದ 338 ಡಯಾಲಿಸಿಸ್ ಪೇಷಂಟ್‌ಗಳನ್ನ ಪರೀಕ್ಷೆ ಮಾಡಿದ್ರಲ್ಲಿ ನೂರಕ್ಕೆ 37 ಜನರಿಗೆ ತೊಂದರೆ ತೀವ್ರವಾಗಿತ್ತು, ಪೂರ್ತಿ ನಾರ್ಮಲ್ ಇದ್ದವರು 13 ಜನ ಅಷ್ಟೇ, ಆದ್ರೆ ಫೈಲಲ್ಲಿ ಇಂಥ ತೊಂದರೆ ಬರೆದಿದ್ದದ್ದು ನೂರಕ್ಕೆ ಮೂರು ಜನರದ್ದೂ ಅಲ್ಲ. ನನ್ನಂಥವರು ಅಲ್ಲೂ ಇದ್ದರು ಅಂತಾಯ್ತು.

ಇನ್ನು ಮಷಿನ್ ಮೇಲೆ ಏನಾಗುತ್ತೆ ಅನ್ನೋದು ನನ್ನ ಏರಿಯಾ. ಅಜ್ಜಾರ ಡ್ರೈ ವೇಟು, ಅಂದ್ರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕ, 52 ಕೆಜಿ. ಒಂದು ತಾಸಿಗೆ ಕೆಜಿಗೆ 13 ಎಂಎಲ್ ಮೇಲೆ ನೀರು ಎಳೀಬಾರ್ದು ಅನ್ನೋ ಲೆಕ್ಕ ಇದೆ, ಆ ಪ್ರಕಾರ ನಾಲ್ಕು ತಾಸಿಗೆ 2.7 ಲೀಟರ್ ಎಳೀಬಹುದು. ಅವರು ಭಾನುವಾರ ಸಂಜೆ ಮೆಣಸಿನಕಾಯಿ ಮಂಡಕ್ಕಿ ತಿಂದು (ದಾವಣಗೆರೇಲಿ ಇದ್ಕೊಂಡು ಅದನ್ನ ಬಿಡಿ ಅನ್ನೋದು ನನಗೂ ಸಂಕಟಾನೇ), ಉಪ್ಪಿಗೆ ಬಾಯಾರಿ, ಚೊಂಬುಗಟ್ಲೆ ನೀರು ಕುಡಿದು ನಾಲ್ಕು ಲೀಟರ್ ಹೊತ್ಕೊಂಡು ಬಂದ್ರೆ ಕೆಜಿಗೆ 19 ಎಂಎಲ್ ಎಳೀಬೇಕಾಗುತ್ತೆ. ಆಗ ಮೂರನೇ ತಾಸಿಗೆ ಬಿಪಿ ದಡಕ್ ಅಂತ ಬೀಳುತ್ತೆ, ಆಕಳಿಕೆ, ಬೆವರು, ಕಾಲು ಹಿಡ್ಕೊಳ್ಳೋದು. ನಾವು ಕಾಲು ಮೇಲೆತ್ತಿ ಸಲೈನ್ ಬಿಟ್ಟು ಬಿಪಿ ಬಂತಲ್ಲ ಅಂತ ಮುಂದಿನ ಬೆಡ್ಡಿಗೆ ಹೋಗ್ತಿದ್ವಿ. ಮೆದುಳಿಗೆ ಆ ಹತ್ತು ನಿಮಿಷ ಏನಾಯ್ತು ಅಂತ ಯಾರೂ ಯೋಚನೆ ಮಾಡ್ತಿರ್ಲಿಲ್ಲ. ಬಿಪಿ ಬೀಳದೇ ಇದ್ದಾಗ್ಲೂ ಮೆದುಳಿಗೆ ಹೋಗೋ ರಕ್ತ ಕಮ್ಮಿ ಆಗುತ್ತಂತೆ, 2018ರಲ್ಲಿ ನೆದರ್ಲೆಂಡ್ಸ್‌ನಲ್ಲಿ 65 ದಾಟಿದ 12 ಜನರನ್ನ ಡಯಾಲಿಸಿಸ್ ನಡೀತಿರುವಾಗ್ಲೇ ಸ್ಕ್ಯಾನ್ ಮಾಡಿದ್ರೆ ಮೆದುಳಿನ ರಕ್ತ ಸರಾಸರಿ ನೂರಕ್ಕೆ ಹತ್ತರಷ್ಟು ಇಳಿದಿತ್ತು.

ಈಗ ಡಾಕ್ಟ್ರು ಹೇಳಿದವರಿಗೆ ಡಯಾಲಿಸಿಸ್ ದ್ರಾವಣದ ಟೆಂಪರೇಚರ್ ಸ್ವಲ್ಪ ಇಳಿಸ್ತೀವಿ, ದೇಹದ ಬಿಸಿಗಿಂತ ಅರ್ಧ ಡಿಗ್ರಿ ಕಮ್ಮಿ ಇಟ್ಟವರಲ್ಲಿ ವರ್ಷದ ಮೇಲೆ ಮೆದುಳಿನ ಬಿಳಿ ಭಾಗ ಕೆಡೋದು ತಡೆದಿತ್ತು ಅಂತ 2015ರಲ್ಲಿ ಒಂದು ಸಣ್ಣ ಸ್ಟಡಿ ಬಂದಿತ್ತು. ಅಜ್ಜಾರಿಗೆ ಚಳಿ. ಕಂಬಳಿ ತಲೆತನಕ ಎಳ್ಕೊಂಡು "ಐಸ್ ಕ್ಯಾಂಡಿ ಡಬ್ಬಿಯಾಗೆ ಹಾಕಿದೀರಲ್ಲೋ" ಅಂತ ಬೈತಾರೆ. ಫಿಸ್ಟುಲಾ (ಸೂಜಿ ಹಾಕೋಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈ ಮಾತ್ರ ಕಂಬಳಿ ಹೊರಗೇ ಇರಬೇಕು, ಸೂಜಿ ಜಾರಿದ್ರೆ ಕಾಣಲ್ಲ, ಅದಕ್ಕೂ ಜಗಳ.

ಒಂದು ಮಾತು ನಡುವೆ. ನಿಧಾನಕ್ಕೆ ಮಂಕಾಗೋದು ಬೇರೆ, ಎರಡು ದಿನದಲ್ಲಿ ದಿಢೀರ್ ಗೊಂದಲ ಆಗೋದು ಬೇರೆ. ಹೊನ್ನಾಳಿ ಕಡೆಯ ಒಬ್ಬರು ಕಾಲುರಿ ಅಂತ ಎಲ್ಲೋ ತೋರಿಸಿ ಪ್ರೆಗಾಬಲಿನ್ ಮಾತ್ರೆ ತಂದು ಪೂರ್ತಿ ಡೋಸ್ ನುಂಗಿದ್ರು, ಅದು ಕಿಡ್ನಿ ಮೂಲಕಾನೇ ಹೊರಗೆ ಹೋಗೋ ಔಷಧಿ, ಹೋಗದೇ ಉಳ್ಕೊಂಡು ತೂಕಡಿಕೆ, ಕೈ ಝಾಡಿಸೋದು, ಮಾತು ತೊದಲು. ಮನೇಲಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ರು. ಸ್ನಾಯು ಬಿಗಿತಕ್ಕೆ ಕೊಡೋ ಬ್ಯಾಕ್ಲೊಫೆನ್, ಕೆಲವು ಆ್ಯಂಟಿಬಯಾಟಿಕ್ ಕೂಡ ಹಿಂಗೇ ಮಾಡ್ತವೆ. ಮಲೆನಾಡಿನ ನೆಂಟರು ತರೋ ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣಂತೂ ಕಿಡ್ನಿ ಹೋದವರಿಗೆ ವಿಷ, ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗಬಹುದು. ಇಂಥದ್ದು ಕಂಡ್ರೆ ವಯಸ್ಸಾಯ್ತು ಅಂತ ಬಿಡದೆ ಅವತ್ತೇ ಡಾಕ್ಟ್ರಿಗೆ ತೋರಿಸ್ಬೇಕು, ಮಾತ್ರೆ ಚೀಲದ ಸಮೇತ.

ನನ್ನ ಕೆಲಸದಲ್ಲಿ ಬದಲಾಗಿದ್ದು ದೊಡ್ಡದೇನಲ್ಲ. ಏನೇ ಹೇಳೋದಿದ್ರೂ ಸೂಜಿ ಹಾಕೋಕೆ ಮುಂಚೆ, ತೂಕದ ಹತ್ರ ನಿಲ್ಲಿಸ್ಕೊಂಡು, ಒಂದು ಸಲಕ್ಕೆ ಒಂದೇ ವಿಷಯ, ಸೊಸೆ ಜೊತೇಲಿದ್ರೆ ಅವಳ ಎದುರಿಗೆ. ಮಾರನೇ ದಿನ ಹನ್ನೊಂದಕ್ಕೆ ಒಂದು ಫೋನು. ಮಾತ್ರೆ ಸ್ಟ್ರಿಪ್ಪನ್ನ ಈಗ ಅವರ ಊಟದ ತಟ್ಟೆ ಒಳಗೇ ಇಡ್ತಾರೆ, ಅದು ಸೊಸೆ ಐಡಿಯಾ. ಅಜ್ಜಾರು ಈಗ ಎರಡೂವರೆ ಕೆಜಿ ಆಸುಪಾಸಲ್ಲಿ ಬರ್ತಾರೆ, ಹಬ್ಬದ ವಾರ ಬಿಟ್ಟು. ಮನೆಗೆ ಒಬ್ಬರೇ ಕಳಿಸಲ್ಲ.

ಸರಿ ಆಗದೇ ಉಳಿದಿರೋದು ಸೈನು. ಸ್ಕೀಮ್ ಫಾರಂ, ಒಪ್ಪಿಗೆ ಪತ್ರ ಎಲ್ಲ ಹಿಡ್ಕೊಂಡು ಕೌಂಟರ್ ಹುಡುಗ ಬರೋದು ಹತ್ತೂವರೆಗೇ, ಅವನಿಗೂ ಆಗ್ಲೇ ಬಿಡುವು. ಪೇಷಂಟ್ ಮಲಗಿದಲ್ಲೇ ಸೂಜಿ ಇಲ್ಲದ ಕೈಲಿ ಏನೋ ಗೀಚಿ ಕೊಡ್ತಾರೆ, ಏನಕ್ಕೆ ಅಂತ ಕೇಳಲ್ಲ. ಹೇಳಿ ನೋಡಿದೆ, ಮೇಲಿನವರಿಗೂ ಬರೆದು ಕೊಟ್ಟೆ, ಟೈಮ್ ಬದಲಾಗ್ಲಿಲ್ಲ. ಹಾಗಾಗಿ ಫಾರಂಗಳನ್ನ ನಾನೇ ಇಸ್ಕೊಂಡು ಡ್ರಾಯರಲ್ಲಿಟ್ಟು, ಮುಂದಿನ ಸಲ ತೂಕ ನೋಡುವಾಗ ಓದಿ ಹೇಳಿ ಸೈನ್ ಮಾಡಿಸ್ತೀನಿ. ಹೋದ ವಾರ ಅವನು ಅರ್ಜೆಂಟ್ ಅಂತ ನೇರ ಅಜ್ಜಾರ ಬೆಡ್ಡಿಗೇ ಹೋದ. ಕಂಬಳಿ ಒಳಗಿಂದಾನೇ ಅಂದ್ರು, "ಸೂಜಿ ಬಿದ್ದೈತಿ, ಈಗ ನನ್ನ ಸೈನು ನಡೆಯಂಗಿಲ್ಲ, ಗುರುವಾರ ಬೆಳಿಗ್ಗೆ ಬಾ."