ಕಣ್ಣು ಮೊದಲು ಕಂಡಿತು

ನಾನು ಓದಿದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನನಗೆ ತುಂಬ ಇಷ್ಟವಾದ ಜಾಗ ರೋರಿಕ್ ಗ್ಯಾಲರಿ. ಅಚ್ಚುಚಿತ್ರ ಕಲಿಸುವ ಗ್ರಾಫಿಕ್ಸ್ ವಿಭಾಗದಲ್ಲಿ ಕೈಗೆಲ್ಲ ಇಂಕು ಮೆತ್ತಿಕೊಂಡು ದಣಿದಾಗ ನಾವು ಗೆಳತಿಯರು ಅಲ್ಲಿಗೆ ಹೋಗುತ್ತಿದ್ದೆವು. ರಷ್ಯಾದ ಕಲಾವಿದ ನಿಕೊಲಾಯ್ ರೋರಿಕ್ ಬರೆದ ಹಿಮಾಲಯದ ಮುಂದೆ ನಿಂತರೆ ಎಷ್ಟೇ ಗಲಾಟೆ ಮಾಡುವವರೂ ದನಿ ತಗ್ಗಿಸುತ್ತಿದ್ದರು. ಪರಿಷತ್ತಿನಲ್ಲೇ ಇನ್ನೊಂದು ಕಡೆ ಮೈಸೂರು ಶೈಲಿಯ ದೇವರ ಚಿತ್ರಗಳು, ಚಿನ್ನದ ರೇಕಿನ ಕೆಲಸ. ಮತ್ತೊಂದು ಕಡೆ ಸಂಸ್ಥಾಪಕರಾದ ಎಂ.ಎಸ್. ನಂಜುಂಡರಾವ್ ಅವರು ಸಂಗ್ರಹಿಸಿದ ತೊಗಲುಗೊಂಬೆಗಳು. ಭಕ್ತಿಯ ಚಿತ್ರ ಅಂದರೆ ಏನು ಎಂದು ಕೇಳಿದ್ದರೆ ನಾವೆಲ್ಲ ಇವುಗಳ ಕಡೆಗೇ ಕೈ ತೋರಿಸುತ್ತಿದ್ದೆವು.

ಕೊನೆಯ ವರ್ಷ ನಮ್ಮ ಸರ್ ಒಂದು ವಿಷಯ ಕೊಟ್ಟರು. "ಕೈ ಮುಗಿಯಬೇಕು ಅಂತ ನಿಮಗೆ ಅನ್ನಿಸಿದ ಯಾವುದನ್ನಾದರೂ ಮಾಡಿ. ದೇವರ ಪಟ ಮಾತ್ರ ಬೇಡ."

ಒಬ್ಬಳು ಅವಳ ಅಜ್ಜಿಯ ಕೈಗಳನ್ನು ಆರಿಸಿಕೊಂಡಳು. ಇನ್ನೊಬ್ಬ ಕಾವೇರಿ ಅಂದ. ನಾನು ಕಾಡುಪಾಪ ಅಂದೆ. ತರಗತಿಯಲ್ಲಿ ಅರ್ಧಕ್ಕರ್ಧ ಜನ ಅದರ ಹೆಸರನ್ನೇ ಕೇಳಿರಲಿಲ್ಲ.

ನಮ್ಮ ಚಿಕ್ಕಪ್ಪ ಐಐಎಸ್‌ಸಿಯಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆಲಸದಲ್ಲಿದ್ದರು. ಬೆಂಗಳೂರಿನ ಹಳಬರು ಈಗಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಸುಮಾರು 400 ಎಕರೆ ಜಾಗ, ತುಂಬ ಮರ. ಸುತ್ತ ಯಶವಂತಪುರ, ಮಲ್ಲೇಶ್ವರ, ಲಾರಿಗಳ ಸದ್ದು. ಅದರ ನಡುವೆ ಕಾಡುಪಾಪ ಅನ್ನುವ ಈ ಕಾಡಿನ ಪ್ರಾಣಿ ತಲೆಮಾರುಗಳಿಂದ ಬದುಕಿದೆ. ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್. ಕಾಲು ಕಿಲೋ ಆಸುಪಾಸಿನ ತೂಕ, ಕಡ್ಡಿಯಷ್ಟು ಸಣ್ಣ ಕೈಕಾಲು, ಬಾಲವಿಲ್ಲ. ಮಂಗಗಳ ದೂರದ ನೆಂಟ. ಹಗಲೆಲ್ಲ ಮುದುಡಿ ಮಲಗಿ, ಕತ್ತಲಾದ ಮೇಲೆ ಇರುವೆ, ಜೀರುಂಡೆ ಹುಡುಕುತ್ತಾ ಹೊರಡುತ್ತದೆ.

ಚಿಕ್ಕಪ್ಪನ ಕ್ವಾರ್ಟರ್ಸಿಗೆ ಹೋದಾಗ ರಾತ್ರಿ ಊಟ ಮುಗಿಸಿ ಅವರ ಜೊತೆ ಹೊರಡುತ್ತಿದ್ದೆ. ಟಾರ್ಚಿಗೆ ಕೆಂಪು ಬಣ್ಣದ ಜಿಲೆಟಿನ್ ಕಾಗದ ಸುತ್ತಿರುತ್ತಿದ್ದರು. ಬಿಳಿ ಬೆಳಕು ಆ ಕಣ್ಣುಗಳಿಗೆ ಜಾಸ್ತಿಯಾಗುತ್ತದೆ, ಕೆಂಪಾದರೆ ಅಷ್ಟು ತೊಂದರೆಯಿಲ್ಲ. ನಾನು ಕುತ್ತಿಗೆ ಎತ್ತಿ ಎಲ್ಲ ಕೊಂಬೆಗಳಲ್ಲೂ ಹುಡುಕುತ್ತಿದ್ದರೆ ಅವರು ಮೆಲ್ಲಗೆ ಹೇಳಿದ್ದರು. "ನೀನು ಹುಡುಕಬೇಡ ಪುಟ್ಟಿ. ಸುಮ್ನೆ ನಿಂತ್ಕೋ. ಅದು ಆಗ್ಲೇ ನಿನ್ನನ್ನ ನೋಡಿರತ್ತೆ."

ಹಾಗೇ ಆಯಿತು. ಬಿದಿರಿನ ಸಂದಿಯಲ್ಲಿ ಎರಡು ಕಣ್ಣು. ಅಷ್ಟೇ. ಮೈ ಇಲ್ಲ, ಮುಖ ಇಲ್ಲ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಕಳಿಸುವ ಒಂದು ಪದರ ಇರುವುದರಿಂದ ಅವು ಹಾಗೆ ಹೊಳೆಯುತ್ತವೆ. ಆ ಕಾರಣ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು.

ನಾನು ಗವಿಪುರದವಳು. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಲಿಂಗದ ಮೇಲೆ ಬೀಳುವುದನ್ನು ಕಾಯುತ್ತಾ ಬೆಳೆದವಳು. ಕತ್ತಲೆಯಲ್ಲಿ ಬೆಳಕಿಗಾಗಿ ಕಾಯುವುದು ನಮ್ಮ ಮನೆಯಲ್ಲಿ ಭಕ್ತಿಯ ಒಂದು ಭಾಗವೇ ಆಗಿತ್ತು. ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತಿದಾಗ ಮೊದಲು ಮಿನುಗುವುದು ದೇವರ ಬೆಳ್ಳಿಯ ಕಣ್ಣು, ಅಲ್ವಾ? ಬಿದಿರಿನೊಳಗಿನ ಕಣ್ಣುಗಳೂ ಹಾಗೇ ಕಂಡವು. ಆದರೆ ಇಲ್ಲಿ ಆರತಿ ಎತ್ತುವವರು ಯಾರೂ ಇರಲಿಲ್ಲ. ಆ ಪ್ರಾಣಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಹಣ್ಣು, ಹೂವು, ಹರಕೆ ಯಾವುದೂ ಬೇಡ. ನನ್ನನ್ನು ನೋಡಿತು, ಆಮೇಲೆ ಒಂದು ಕೈ ಎತ್ತಿತು, ಮುಂದಿನ ಕೊಂಬೆ ಹಿಡಿಯಿತು, ಹಿಡಿತ ಗಟ್ಟಿಯಾದ ಮೇಲೆ ಹಿಂದಿನ ಕಾಲು ಬಿಟ್ಟಿತು. ಒಂದೆಲೆಯೂ ಅಲುಗಲಿಲ್ಲ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ನನ್ನೊಳಗಿನ ಮಾತೆಲ್ಲ ನಿಂತುಹೋಗಿತ್ತು. ಪ್ರಾರ್ಥನೆಗೆ ಕೂತಾಗಲೂ ನನಗೆ ಅಷ್ಟು ಮೌನ ಸಿಕ್ಕಿರಲಿಲ್ಲ.

ಇದನ್ನು ಮರದಲ್ಲೇ ಕೆತ್ತಬೇಕು ಅನ್ನಿಸಿತು. ವುಡ್‌ಕಟ್, ಅಂದರೆ ಮರದ ಹಲಗೆ ಕೆತ್ತಿ ಅಚ್ಚು ತೆಗೆಯುವ ಕೆಲಸ, ಮಾಡಿದವರಿಗೆ ಕಾರಣ ತಕ್ಷಣ ತಿಳಿಯುತ್ತದೆ. ಉಳಿ ತಾಗದ ಹಲಗೆಗೆ ರೋಲರಿನಲ್ಲಿ ಇಂಕು ಹಚ್ಚಿ ಕಾಗದ ಒತ್ತಿದರೆ ಬರುವುದು ಬರೀ ಕಪ್ಪು. ಕೆತ್ತಿದ ಕಡೆ ಮಾತ್ರ ಬಿಳಿ. ಅಂದರೆ ರಾತ್ರಿ ಮೊದಲೇ ಅಲ್ಲಿರುತ್ತದೆ, ನಾವು ಹಾಕುವುದು ಬೆಳಕನ್ನು. ಹಾಕಿದ ಬೆಳಕನ್ನು ವಾಪಸ್ ತೆಗೆಯುವುದು ತುಂಬ ಕಷ್ಟ.

ಶಿಲ್ಪಿಗಳು ಮೂರ್ತಿಯ ಕಣ್ಣು ತೆರೆಸುವುದು ಎಲ್ಲ ಕೆಲಸ ಮುಗಿದ ಮೇಲೆ. ನೇತ್ರೋನ್ಮೀಲನಕ್ಕೆ ಮುಹೂರ್ತ ನೋಡುತ್ತಾರೆ. ನನ್ನ ಮನಸ್ಸಿನಲ್ಲಿ ಆ ಕ್ರಮಕ್ಕೆ ತುಂಬ ಗೌರವ ಇತ್ತು. ಅದಕ್ಕೇ ಸರ್ ಹತ್ತಿರ ಹೋಗಿ ಕೇಳಿದೆ.

"ಸರ್, ಕಣ್ಣನ್ನೇ ಮೊದಲು ಕೆತ್ತಲಾ?"

"ನಿನಗೆ ಯಾವುದು ಮೊದಲು ಕಂಡಿತಮ್ಮಾ?"

"ಕಣ್ಣು ಸರ್."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ?"

ಕಣ್ಣು ಕೆತ್ತಿ ಮೊದಲ ಪ್ರೂಫ್ ತೆಗೆದೆ. ಚಮಚದ ಬೆನ್ನಿನಿಂದ ಕಾಗದವನ್ನು ಉಜ್ಜಿ ಎತ್ತಿದಾಗ ದೊಡ್ಡ ಕಪ್ಪು ಹಾಳೆಯ ಮೇಲೆ ಎರಡೇ ಎರಡು ಬಿಳಿ ಉಂಗುರ. ಅಲ್ಲಿಂದ ಮುಂದೆ ಪ್ರತಿಯೊಂದು ಗೀರಿಗೂ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡೆ. ಈ ಪ್ರಾಣಿ ಎಷ್ಟು ಬೆಳಕನ್ನು ತಡೆದುಕೊಳ್ಳುತ್ತದೆ? ಚಿಕ್ಕಪ್ಪ ಟಾರ್ಚಿಗೆ ಕಾಗದ ಸುತ್ತುತ್ತಿದ್ದುದು ಆಗೆಲ್ಲ ನೆನಪಾಗುತ್ತಿತ್ತು. ಬೆರಳುಗಳಿಗೆ ಒಂದಿಷ್ಟು ಬೆಳಕು ಕೊಟ್ಟೆ, ಬೆನ್ನಿನ ಅಂಚಿಗೆ ಸ್ವಲ್ಪ, ಬಿದಿರಿನ ಗೆಣ್ಣಿಗೆ ಸ್ವಲ್ಪ. ಉಳಿದದ್ದನ್ನು ಕತ್ತಲೆಗೇ ಬಿಟ್ಟೆ. ಕೆತ್ತುವುದಕ್ಕಿಂತ ಬಿಡುವುದರಲ್ಲೇ ನನಗೆ ಜಾಸ್ತಿ ಶ್ರದ್ಧೆ ಬೇಕಾಯಿತು.

ಕಾಡುಪಾಪದ ಎರಡು ಕಣ್ಣುಗಳ ನಡುವೆ ಮೂಗಿನಿಂದ ಹಣೆಗೆ ಒಂದು ಬಿಳಿ ಪಟ್ಟೆ ಇದೆ. ಗೆಳೆಯನೊಬ್ಬ ಅದನ್ನು ನಾಮದ ಹಾಗೆ ಎದ್ದು ಕಾಣುವಂತೆ ಕೆತ್ತು, ವಿಷಯ ಬೇಗ ಮುಟ್ಟುತ್ತದೆ ಅಂದ. ಪ್ರೀತಿಯಿಂದಲೇ ಹೇಳಿದ್ದ. ನಾನು ಒಪ್ಪಲಿಲ್ಲ. ಇಲಿಗೆ ಗಣಪ ಇದ್ದಾನೆ, ನವಿಲಿಗೆ ಸುಬ್ರಹ್ಮಣ್ಯ ಇದ್ದಾನೆ. ನಾನು ಕೇಳಿ ಬೆಳೆದ ಪುರಾಣದ ಕಥೆಗಳಲ್ಲಿ ಕಾಡುಪಾಪ ಇರಲಿಲ್ಲ. ಯಾವ ದೇವರ ವಾಹನವೂ ಆಗದೆಯೇ ಅದು ನನ್ನ ತಲೆ ಬಾಗಿಸಿತ್ತು. ಅದರ ಹಣೆಯ ಮೇಲೆ ನಾನು ಗುರುತು ಹಾಕುವುದು ಬೇಡ.

ಹಾಗನ್ನಿಸಲು ಇನ್ನೊಂದು ಕಾರಣವೂ ಇತ್ತು. ಈ ಕಣ್ಣುಗಳಿಗೆ ಶಕ್ತಿ ಇದೆ ಎಂದು ನಂಬಿ ವಾಮಾಚಾರಕ್ಕೆ, ನಾಟಿ ಔಷಧಿಗೆ ಕಾಡುಪಾಪವನ್ನು ಹಿಡಿದು ಕೊಲ್ಲುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ, ಆನೆಗಳ ಜೊತೆ ಇದರ ಹೆಸರೂ ಇದೆ. ಆದರೂ ನಿಂತಿಲ್ಲ. ಅವರೂ ಆ ಕಣ್ಣುಗಳಲ್ಲಿ ಏನೋ ದೊಡ್ಡದನ್ನು ಕಂಡವರೇ. ಕಂಡದ್ದನ್ನು ಕಿತ್ತುಕೊಳ್ಳಲು ಕೈ ಚಾಚುತ್ತಾರೆ. ಇದನ್ನು ಓದಿದ ದಿನ ನಾನು ಹಲಗೆ ಮುಟ್ಟಲಿಲ್ಲ. ಪ್ರಾಣಿಯಿಂದ ಸ್ಫೂರ್ತಿ ಪಡೆದೆ ಎಂದು ಹೇಳುವವರು ಅದಕ್ಕೆ ಏನನ್ನು ಉಳಿಸಿಕೊಟ್ಟೆ ಎಂದೂ ಹೇಳಬೇಕು ಅಂತ ನನಗೆ ಅವತ್ತಿನಿಂದ ಅನ್ನಿಸುತ್ತಿದೆ.

ಕಾಡುಪಾಪಕ್ಕೆ ಉಳಿಸಿಕೊಡಬೇಕಾದದ್ದು ಕೊಂಬೆಗಳನ್ನು. ಅದು ಕೋತಿಯ ಹಾಗೆ ಹಾರುವುದಿಲ್ಲ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದ್ದರೆ ಮಾತ್ರ ದಾಟುತ್ತದೆ. ನಡುವೆ ಒಂದು ಮರ ಹೋದರೂ ಸಾಕು, ನೆಲಕ್ಕಿಳಿಯಬೇಕು, ಇಲ್ಲವೇ ಕರೆಂಟ್ ತಂತಿ ಹಿಡಿಯಬೇಕು. ನೆಲದಲ್ಲಿ ನಾಯಿ, ಬೆಕ್ಕು, ವಾಹನ. 2014ರಲ್ಲಿ ಅರ್ಬನ್ ಸ್ಲೆಂಡರ್ ಲೋರಿಸ್ ಪ್ರಾಜೆಕ್ಟ್ ಶುರುವಾದಾಗ ನಗರದ ಸಾಮಾನ್ಯ ಜನರೂ ರಾತ್ರಿ ಹೊತ್ತು ಮರಗಳ ಕೆಳಗೆ ನಡೆದು ಇವುಗಳನ್ನು ಹುಡುಕಿದರು. ಪಕ್ಕದ ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಗಳಿಗೆಂದೇ ಅಭಯಾರಣ್ಯ ಮಾಡಿತು. ದೇಶದಲ್ಲೇ ಮೊದಲನೆಯದು. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಕಾಡು ಸಿಗುವುದಿಲ್ಲ. ಆದರೆ ರಸ್ತೆ ಅಗಲ ಮಾಡುವಾಗ, ತಂತಿಗೆ ತಾಗುತ್ತದೆಂದು ಕೊಂಬೆ ಕಡಿಯುವಾಗ ಮೇಲೆ ಯಾರು ಓಡಾಡುತ್ತಾರೆ ಎಂದು ಒಮ್ಮೆ ತಲೆ ಎತ್ತಿ ನೋಡಬಹುದು.

ಈಗ ನಾನು ಕೆತ್ತುತ್ತಿರುವ ಹಲಗೆಗಳಲ್ಲಿ ಪ್ರಾಣಿ ಕಾಣುವುದೇ ಕಡಿಮೆ. ಕೊಂಬೆಗೆ ಕೊಂಬೆ ಸೇರುವ ಜಾಗ, ಅದು ಕಡಿದುಹೋದ ಜಾಗ, ಇವನ್ನೇ ಮಾಡುತ್ತಿದ್ದೇನೆ. ಜನವರಿಯ ಚಿತ್ರಸಂತೆಗೆ ಕೆಲವನ್ನು ತರುತ್ತೇನೆ, ನಮ್ಮ ಕಾಲೇಜಿನ ಮುಂದಿನ ರಸ್ತೆಯಲ್ಲೇ ಕೂತಿರುತ್ತೇನೆ. ಗ್ರಾಫಿಕ್ಸ್ ವಿಭಾಗದ ಮಕ್ಕಳು ಬಂದರೆ ಹಲಗೆಗಳನ್ನೂ ಮುಟ್ಟಿ ನೋಡಬಹುದು. ಕಾಡುಪಾಪ ನೋಡಬೇಕು ಅನ್ನುವವರಿಗೆ ಟಾರ್ಚಿಗೆ ಕೆಂಪು ಕಾಗದ ಸುತ್ತುವುದು ಹೇಗೆ ಅಂತ ತೋರಿಸಿಕೊಡುತ್ತೇನೆ.