ಇಷ್ಟು ಮಕ್ಕಳು ಸತ್ತರೂ ಅಮೆರಿಕ ಯಾಕೆ ಒಂದು ಕಾನೂನು ಮಾಡಲ್ಲ?

ಇಲ್ಲಿ ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಊರಿನ ಟಿವಿಯಲ್ಲಿ ಬಂದರೆ ಸಾಕು, ಚಿಕ್ಕಪ್ಪನ ಫೋನ್ ಬರುತ್ತದೆ. "ಚಂದ್ರನ ಮೇಲೆ ಇಳಿದವರು ಕಣೋ. ಒಂದು ಕಾನೂನು ಮಾಡಕ್ಕೆ ಏನು ಕಷ್ಟ?" ಮಡಿಕೇರಿಯ ಗೆಳೆಯ ಕೇಳುವ ಧಾಟಿ ಬೇರೆ. "ನಮ್ಮ ಮನೇಲೂ ಕೋವಿ ಇದೆಯಪ್ಪ, ಅದಕ್ಕೆ ಪೂಜೆನೂ ಮಾಡ್ತೀವಿ. ನಾವೇನು ಶಾಲೆಗೆ ನುಗ್ತೀವಾ?"

ಮೊದಮೊದಲು "ಇಲ್ಲಿನ ಜನಕ್ಕೆ ಬಂದೂಕಿನ ಹುಚ್ಚು" ಅಂದು ಮಾತು ಮುಗಿಸುತ್ತಿದ್ದೆ. ಅದು ಅರ್ಧ ಸುಳ್ಳು. 2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಜನ ದೊಡ್ಡವರು ಸತ್ತರು. ನಾಲ್ಕು ತಿಂಗಳ ನಂತರ ಒಂದು ತಿದ್ದುಪಡಿ ಇಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಬಂತು. ಬಂದೂಕು ಮೇಳಗಳಲ್ಲಿ, ಇಂಟರ್‌ನೆಟ್‌ನಲ್ಲಿ ಕೊಳ್ಳುವವರ ಹಿನ್ನೆಲೆಯನ್ನೂ ತಪಾಸಣೆ ಮಾಡಬೇಕು, ಅಷ್ಟೇ. ಸಮೀಕ್ಷೆಗಳಲ್ಲಿ ಹೆಚ್ಚಿನ ಜನ ಇದಕ್ಕೆ ಹೂಂ ಅಂದಿದ್ದರು. ಪರವಾಗಿ 54 ಮತ, ವಿರುದ್ಧ 46. ಬಿದ್ದುಹೋಯಿತು.

"54 ಜಾಸ್ತಿ ಅಲ್ವೇನೋ?" ಅಂದರು ಚಿಕ್ಕಪ್ಪ. ಜಾಸ್ತಿಯೇ. ಆದರೆ ಅಲ್ಲಿ ದಾಟಲು 60 ಬೇಕಿತ್ತು.

ಜನರ ಮನಸ್ಸು ಒಂದು ಕಡೆ, ಸದನದ ನಿಯಮ ಇನ್ನೊಂದು ಕಡೆ. ಅಮೆರಿಕಕ್ಕೆ ಇದು ಹೊಸದಲ್ಲ. ನನಗೆ ತುಂಬಾ ಇಷ್ಟವಾದ ಒಂದು ಹಳೆಯ ಪ್ರಸಂಗ ಹೇಳುತ್ತೇನೆ.

1830ರ ದಶಕದಲ್ಲಿ ಗುಲಾಮಗಿರಿ ನಿಲ್ಲಿಸಿ ಎಂದು ಇಲ್ಲಿನ ಸಂಸತ್ತಿಗೆ ರಾಶಿ ರಾಶಿ ಅರ್ಜಿ ಬರುತ್ತಿದ್ದವು. ಸಹಿ ಹಾಕಿದವರಲ್ಲಿ ಓಟೇ ಇಲ್ಲದ ಹೆಂಗಸರು ಬಹಳ. 1836ರಲ್ಲಿ ಕೆಳಮನೆ ಒಂದು ನಿಯಮ ಮಾಡಿತು: ಇಂಥ ಅರ್ಜಿಯನ್ನು ಓದುವುದೂ ಬೇಡ, ಚರ್ಚಿಸುವುದೂ ಬೇಡ, ಪಕ್ಕಕ್ಕಿಡಿ. ಇದಕ್ಕೆ 'ಗ್ಯಾಗ್ ರೂಲ್' ಎಂಬ ಹೆಸರು ಬಿತ್ತು, ಅಂದರೆ ಬಾಯಿಗೆ ಬಟ್ಟೆ ತುರುಕುವ ನಿಯಮ. ತಿರುಗಿಬಿದ್ದವರು ಜಾನ್ ಕ್ವಿನ್ಸಿ ಆಡಮ್ಸ್. ಒಮ್ಮೆ ದೇಶದ ಅಧ್ಯಕ್ಷರಾಗಿದ್ದು, ಸೋತು, ಮತ್ತೆ ಸಾಮಾನ್ಯ ಸದಸ್ಯರಾಗಿ ಬಂದು ಕೂತಿದ್ದ ಮುದುಕರು. 1837ರ ಫೆಬ್ರವರಿಯಲ್ಲಿ ಎದ್ದು ನಿಂತು ಸ್ಪೀಕರ್‌ಗೆ ಒಂದು ಪ್ರಶ್ನೆ ಹಾಕಿದರು: 22 ಗುಲಾಮರು ಕಳಿಸಿದ್ದು ಎನ್ನುವ ಅರ್ಜಿ ನನ್ನ ಹತ್ತಿರ ಇದೆ, ಇದಕ್ಕೂ ನಿಮ್ಮ ನಿಯಮ ಅನ್ವಯಿಸುತ್ತದಾ?

ಸದನ ಹೊತ್ತಿಕೊಂಡಿತು. ಗುಲಾಮರ ಅರ್ಜಿಯಾ! ಆಡಮ್ಸ್‌ಗೆ ಛೀಮಾರಿ ಹಾಕಿ ಎಂದು ಗದ್ದಲ. ಆಮೇಲೆ ಅವರು ತಣ್ಣಗೆ ಹೇಳಿದರು, ಈ ಅರ್ಜಿಯಲ್ಲಿ ಕೇಳಿರುವುದು ಗುಲಾಮಗಿರಿ ನಿಲ್ಲಿಸಿ ಅಂತಲ್ಲ, ಅದಕ್ಕೆ ಉಲ್ಟಾ ಅಂತ. ಮಾತೇ ಬೇಡ ಅಂದವರು ದಿನಗಟ್ಟಲೆ ಅದನ್ನೇ ಮಾತಾಡಿದ್ದರು. ಆ ನಿಯಮ ಬಿದ್ದದ್ದು 1844ರ ಡಿಸೆಂಬರ್‌ನಲ್ಲಿ.

ಇದರ ಮೊಮ್ಮಗ 1996ರಲ್ಲಿ ಹುಟ್ಟಿತು. ಹೆಸರು ಡಿಕಿ ತಿದ್ದುಪಡಿ. ರೋಗ ತಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ಸಿಡಿಸಿ, ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ತನ್ನ ಹಣ ಬಳಸಬಾರದು. ಜೊತೆಗೆ, ಬಂದೂಕಿನ ಗಾಯಗಳ ಸಂಶೋಧನೆಗೆ ಹೋಗುತ್ತಿದ್ದ 26 ಲಕ್ಷ ಡಾಲರನ್ನು ಬೇರೆ ಕೆಲಸಕ್ಕೆ ತಿರುಗಿಸಿದರು. ಸೂಚನೆ ಅರ್ಥವಾಯಿತು, ಸಂಶೋಧಕರು ಹಿಂದೆ ಸರಿದರು. ತಿದ್ದುಪಡಿ ತಂದ ಜೇ ಡಿಕಿಯವರೇ ಮುಂದೆ ಸಂಶೋಧನೆ ಬೇಕು ಅಂದರು. ಮತ್ತೆ ಹಣ ಬಂದದ್ದು 2019ರ ಕೊನೆಗೆ. 2021ರಲ್ಲಿ ಇಲ್ಲಿ ಗುಂಡಿಗೆ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಊರಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಗುಲಾಮಗಿರಿಯನ್ನು ಇಲ್ಲಿ ಎಳೆದು ತರುವುದು ನನಗೂ ಸ್ವಲ್ಪ ಇರುಸುಮುರುಸೇ. ಜಿಂಕೆ ಬೇಟೆಗೆ ಹೋಗುವ ನನ್ನ ಪಕ್ಕದ ಮನೆಯವನು ಗುಲಾಮರ ಒಡೆಯನಲ್ಲ. ತಪಾಸಣೆ ಬೇಕು ಅಂತ ಅವನೂ ಅನ್ನುತ್ತಾನೆ. ಗುಲಾಮಗಿರಿಯಂತೂ ಬರೀ ಮತ ಎಣಿಸಿ ಮುಗಿಯಲೂ ಇಲ್ಲ, ಯುದ್ಧವೇ ಆಯಿತು. ನಾನು ಹೋಲಿಸುತ್ತಿರುವುದು ಸದನ ಕಿವಿ ಮುಚ್ಚಿಕೊಳ್ಳುವ ರೀತಿಯನ್ನು ಮಾತ್ರ.

ಕಪ್ಪು ಜನರ ಹಕ್ಕಿನ ಹೋರಾಟ, ಬಂದೂಕು ನಿಯಂತ್ರಣದ ಹೋರಾಟ ಎರಡರಲ್ಲೂ ಇದ್ದ ಒಬ್ಬರು ಕೆಳಮನೆಯ ಸದಸ್ಯ ಜಾನ್ ಲೂಯಿಸ್. ಕಪ್ಪು ಜನರ ಮತದಾನದ ಹಕ್ಕಿಗಾಗಿ 1965ರಲ್ಲಿ ಸೆಲ್ಮಾದಲ್ಲಿ ನಡೆದಾಗ ಪೊಲೀಸರ ಲಾಠಿಗೆ ಅವರ ತಲೆ ಒಡೆದಿತ್ತು. ಅದೇ ವರ್ಷ ಕಾನೂನು ಬಂತು. 2016ರಲ್ಲಿ ಒರ್ಲಾಂಡೊದ ಕ್ಲಬ್ಬಿನಲ್ಲಿ 49 ಜನರ ಹತ್ಯೆಯಾದಾಗ ಅವರು, 76ನೆಯ ವಯಸ್ಸಿನಲ್ಲಿ, ಸಂಸತ್ತಿನ ನೆಲದ ಮೇಲೆ ಧರಣಿ ಕೂತರು. ಸದನದ ಕ್ಯಾಮೆರಾ ಬಂದ್ ಆಯಿತು. ಸದಸ್ಯರೇ ಫೋನ್ ಹಿಡಿದು ತೋರಿಸಿದರು. ಒಂದು ಇಡೀ ದಿನ ಕೂತರೂ ಮಸೂದೆ ಮತಕ್ಕೆ ಬರಲಿಲ್ಲ.

2022ರ ಮೇನಲ್ಲಿ ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಒಂದು ತಿಂಗಳಲ್ಲಿ ಒಂದು ಸಣ್ಣ ಕಾನೂನು ಬಂತು. 21 ತುಂಬದವರು ಬಂದೂಕು ಕೊಳ್ಳಲು ಬಂದರೆ ಅವರ ಹಳೆಯ ದಾಖಲೆಗಳನ್ನೂ ನೋಡಬೇಕು, ಇತ್ಯಾದಿ. ಲೂಯಿಸ್ ತೀರಿಹೋಗಿ ಆಗಲೇ ಎರಡು ವರ್ಷವಾಗುತ್ತಿತ್ತು.

ಆ ಸಲ ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿದೆ. ಕಾನೂನು ಏನು, ಎತ್ತ ಅಂತ ಅವರು ಕೇಳಲಿಲ್ಲ.

"60 ದಾಟ್ತಾ?" ಅಂದರು.

"65," ಅಂದೆ.